ಲಿನಕ್ಸ್ ಆರಿಸಿಕೊಡುವ ಕ್ವಿಜ್: ಬೀದರ್ ಕಡೆಯ ಮಕ್ಕಳಿಗೆ ಕಿವಿಮಾತು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈ ಬಿಟ್ಟಿತು. ಹನ್ನೊಂದು ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು ಅನ್ನುತ್ತದೆ. ಹಾಗಾಗಿ ಕಾಲೇಜಿನಲ್ಲಿ ಸಿಕ್ಕ ಲ್ಯಾಪ್‌ಟಾಪು, ಅಣ್ಣ ಹೈದರಾಬಾದಿನಿಂದ ತಂದುಕೊಟ್ಟ ಹಳೆಯ ಲ್ಯಾಪ್‌ಟಾಪು ಹಿಡಿದುಕೊಂಡು ಬೀದರ್, ಭಾಲ್ಕಿ, ಔರಾದಿನ ಹುಡುಗ ಹುಡುಗಿಯರು ಲಿನಕ್ಸ್ ಕಡೆ ಹೊರಳುತ್ತಿದ್ದೀರಿ. ಸಂತೋಷ. ಲಿನಕ್ಸ್‌ನಲ್ಲಿ ನೂರಾರು ಡಿಸ್ಟ್ರೊ, ಅಂದರೆ ನೂರಾರು ಬಗೆ, ಯಾವುದು ಬೇಕೋ ತಿಳಿಯದೆ ಡಿಸ್ಟ್ರೋಚೂಸರ್‌ನಂಥ ಕ್ವಿಜ್ ತೆರೆದು ಪಟಪಟ ಒತ್ತುತ್ತೀರಿ. ಅದೂ ತಪ್ಪಲ್ಲ. ಆದರೆ ದರ್ಜಿ ಫೋನಿನಲ್ಲೇ ಅಳತೆ ಕೇಳಿ ಅಂಗಿ ಹೊಲಿದ ಹಾಗೆ ಅದು. ನೀವು ಹೇಳಿದ್ದಷ್ಟೇ ಅದಕ್ಕೆ ಗೊತ್ತು. ನಿಮ್ಮಂಥವರ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ವರ್ಷಗಟ್ಟಲೆ ಕೂತವಳು ನಾನು. ನಾಲ್ಕು ಮಾತು ಹೇಳುತ್ತೇನೆ, ಸುಮ್ಮನೆ ಕೇಳಿ.

ಕ್ವಿಜ್ ತೆರೆಯುವ ಮುಂಚೆ ಇಷ್ಟು ಮಾಡಿ:

• ಲ್ಯಾಪ್‌ಟಾಪ್ ಎದುರಿಗಿಟ್ಟುಕೊಂಡು ಕೂಡಿ. ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಎಷ್ಟು, ಒಳಗಿರುವುದು ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ‘ಎಂಟು ಜಿಬಿ ಇರಬೇಕು ಅತ್ತಿ’ ಎಂದವರ ಲ್ಯಾಪ್‌ಟಾಪಿನಲ್ಲಿ ನಾಲ್ಕೇ ಇರುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅಂದಾಜಿನ ಮೇಲೆ ಉತ್ತರ ಒತ್ತಿದರೆ ಕ್ವಿಜ್ ಕೊಡುವುದೂ ಅಂದಾಜೇ.

• ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ, ಮೊದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಉಬುಂಟೋ ಮಿಂಟೋ ಎಂದು ವಾರಗಟ್ಟಲೆ ವಾದ ಮಾಡುವುದಕ್ಕಿಂತ ಅದರಿಂದ ಬರುವ ವೇಗ ಹೆಚ್ಚು. ತೆಗೆದ ಹಳೆಯ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ಇಸಿದುಕೊಳ್ಳಿ. ನಿಮ್ಮ ಮನೆಯ ಫೋಟೊ ಎಲ್ಲ ಅದರಲ್ಲೇ ಇರುತ್ತವೆ. ಒಂದು ಕೇಸ್ ಹಾಕಿದರೆ ಬ್ಯಾಕಪ್‌ಗೂ ಆದೀತು.

• ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಹೊಲದ ಪಹಣಿ, ಇವುಗಳ ಸ್ಕ್ಯಾನ್ ಪ್ರತಿಗಳನ್ನು ಮೊದಲು ಬೇರೆ ಕಡೆ ಇಡಿ. ಕಳೆದರೆ ಮತ್ತೆ ಮಾಡಿಸಲು ತಹಸೀಲ್ ಆಫೀಸಿಗೆ ಓಡಾಡುವವರು ನೀವಲ್ಲ, ನಿಮ್ಮ ಅಪ್ಪ. ಬ್ಯಾಕಪ್ ಪೆನ್‌ಡ್ರೈವ್ ಬೇರೆ, ಲಿನಕ್ಸ್ ಹಾಕುವ ಪೆನ್‌ಡ್ರೈವ್ ಬೇರೆ ಇರಲಿ. ಎರಡನೆಯದನ್ನು ತಯಾರು ಮಾಡುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

• ವಿಂಡೋಸನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವವರು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಆಮೇಲೆ ನೀಲಿ ಪರದೆ ಬಂದು ಕೀ ಕೇಳಿದಾಗ ಯಾರೂ ಸಹಾಯಕ್ಕೆ ಬರುವುದಿಲ್ಲ.

ಇನ್ನು ಉತ್ತರ ಒತ್ತುವಾಗ:

• ನಿಜ ಹೇಳಿ. ಲಿನಕ್ಸ್ ಎಷ್ಟು ಗೊತ್ತು ಎಂದು ಕೇಳಿದರೆ ‘ಏನೂ ಗೊತ್ತಿಲ್ಲ’ ಅನ್ನುವುದರಲ್ಲಿ ಅವಮಾನವಿಲ್ಲ, ಅಲ್ಲಿ ನಿಮ್ಮನ್ನು ನೋಡುವವರೂ ಇಲ್ಲ. ಜಂಬಕ್ಕೆ ‘ಎಲ್ಲ ನಾನೇ ಟರ್ಮಿನಲ್‌ನಲ್ಲಿ ಸರಿಮಾಡಿಕೊಳ್ಳುತ್ತೇನೆ’ ಎಂದು ಒತ್ತಿದರೆ ಆರ್ಚ್ ಬರುತ್ತದೆ, ಜೆಂಟೂ ಬರುತ್ತದೆ. ಒಳ್ಳೆಯವೇ, ಆದರೆ ಒಂದೊಂದನ್ನೂ ಕೈಯಾರೆ ಕಟ್ಟಿಕೊಳ್ಳಬೇಕು. ಭಾಲ್ಕಿಯ ಬಿಕೆಐಟಿಯಲ್ಲೋ ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕಂಪ್ಯೂಟರ್ ಸೈನ್ಸ್ ಓದುತ್ತ ರಜೆಯಲ್ಲಿ ಕಲಿಯಬೇಕು ಅನ್ನುವವರಿಗೆ ಸರಿ. ನಾಡಿದ್ದು ಅಸೈನ್‌ಮೆಂಟ್ ಕೊಡಬೇಕಾದವರಿಗೆ ಬೇಡ.

• ಆ ಲ್ಯಾಪ್‌ಟಾಪ್ ಯಾರು ಹೆಚ್ಚು ಬಳಸುತ್ತಾರೋ ಅವರಾಗಿ ಉತ್ತರ ಕೊಡಿ. ಹಾಕುವವರು ನೀವು, ಆದರೆ ದಿನಾ ತೆರೆಯುವವಳು ಪಿಯುಸಿ ಓದುವ ತಂಗಿ. ಅವಳಿಗೆ ವಿಂಡೋಸ್ ತರಹ ಕೆಳಗೆ ಮೆನು ಕಂಡರೆ ಸಾಕು. ಮಿಂಟ್‌ನ ಸಿನ್ನಮನ್, ಎಕ್ಸ್‌ಎಫ್‌ಸಿಇ ಎರಡರಲ್ಲೂ ಅದು ಇದೆ.

• ತಿಳಿಯದ ಪ್ರಶ್ನೆ ಬಿಟ್ಟು ಮುಂದೆ ಹೋಗಿ. ಸಿಸ್ಟಮ್‌ಡಿ ಬೇಕೋ ಬೇಡವೋ ಎಂದು ಕೇಳಿದರೆ ಕಣ್ಣು ಮುಚ್ಚಿ ಒತ್ತಬೇಡಿ. ಒಂದು ಕುರುಡು ಉತ್ತರಕ್ಕೆ ಒಳ್ಳೊಳ್ಳೆಯ ಡಿಸ್ಟ್ರೊಗಳು ಪಟ್ಟಿಯಿಂದ ಕೆಳಗೆ ಜಾರುತ್ತವೆ.

• ‘ಯಾವಾಗಲೂ ಹೊಸದು ಬೇಕೇ?’ ಎಂಬ ಪ್ರಶ್ನೆಗೆ ಬೇಡ ಅನ್ನಿ. ಹೊಸದರ ಆಸೆ ಎಲ್ಲರಿಗೂ ಇದೆ, ಆದರೆ ನಿಮ್ಮದು ದಿನಕ್ಕೆ ಒಂದೂವರೆಯೋ ಎರಡೋ ಜಿಬಿಯ ಮೊಬೈಲ್ ಡೇಟಾ. ಸದಾ ಹೊಸದಾಗುತ್ತಲೇ ಇರುವ ರೋಲಿಂಗ್ ಡಿಸ್ಟ್ರೊಗಳು ಅದನ್ನು ಅಪ್‌ಡೇಟ್‌ನಲ್ಲೇ ಕುಡಿದು ಮುಗಿಸುತ್ತವೆ. ಫೆಡೋರಾ ಕೂಡ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಒಂದೊಂದರ ಆಯುಸ್ಸು ಸುಮಾರು ಹದಿಮೂರು ತಿಂಗಳು. ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ ಆದರೆ ಐದು ವರ್ಷ ನಿಶ್ಚಿಂತೆ, ಉಬುಂಟು 24.04ರ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ನಿಮ್ಮ ಡಿಗ್ರಿ ಮುಗಿಯುವವರೆಗೆ ಅಷ್ಟು ಸಾಕು.

• ಫಲಿತಾಂಶ ತೋರಿಸಲು ಫೋನ್ ನಂಬರು, ಒಟಿಪಿ ಕೇಳುವ ಕ್ವಿಜ್ ಕಂಡರೆ ಮುಚ್ಚಿಬಿಡಿ. ಲಿನಕ್ಸ್ ಆರಿಸಲು ಯಾರಿಗೂ ನಿಮ್ಮ ನಂಬರು ಬೇಕಿಲ್ಲ.

ಕ್ವಿಜ್ ಕೇಳದೇ ಬಿಡುವ ಪ್ರಶ್ನೆಗಳಿವೆಯಲ್ಲ, ನಮ್ಮ ಕಡೆಯವರು ಎಡವುವುದು ಅಲ್ಲೇ. ಎಲ್ಲೋ ದೂರ ಕೂತು ಪ್ರಶ್ನೆ ಬರೆದವರಿಗೆ ಬೀದರಿನ ಒಂದೇ ಮನೆಯಲ್ಲಿ ಮೂರು ಲಿಪಿ ಓಡಾಡುತ್ತವೆ ಎಂದು ಹೇಗೆ ಗೊತ್ತಾಗಬೇಕು?

• ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಟೈಪ್ ಮಾಡುತ್ತಾರೆ, ಕೇಳಿ ತಿಳಿದುಕೊಳ್ಳಿ. ಕನ್ನಡಕ್ಕೆ ಐಬಸ್ ಜೊತೆ ಎಂ17ಎನ್ ಹಾಕಿದರೆ ನುಡಿಯಲ್ಲಿ ಕಲಿತ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಔರಾದಿನ ಕಡೆ ಮರಾಠಿ ಬರೆಯುವವರಿಗೆ ಇನ್‌ಸ್ಕ್ರಿಪ್ಟ್ ಇದೆ. ಉರ್ದುವಿಗೆ ಫೋನೆಟಿಕ್ ಕೀಲಿಮಣೆ ಇದೆ, ಜೊತೆಗೆ ನೋಟೋ ನಸ್ತಾಲಿಖ್ ಫಾಂಟ್ ಹಾಕಿಕೊಡಿ. ಇಲ್ಲದಿದ್ದರೆ ಅಕ್ಷರ ಮೂಡುತ್ತದೆ, ಓದಿ ಬೆಳೆದವರ ಕಣ್ಣಿಗೆ ಮಾತ್ರ ಹಿಡಿಸುವುದಿಲ್ಲ.

• ಹಾಕುವ ಮುಂಚೆಯೇ, ಪೆನ್‌ಡ್ರೈವ್‌ನಿಂದ ಓಡಿಸಿ, ‘ಕರ್ನಾಟಕ’, ‘ಭಾಲ್ಕಿ’, ‘ಬಸವಕಲ್ಯಾಣ’, ‘ಶ್ರೀ’ ಇಷ್ಟು ಬರೆದು ನೋಡಿ. ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿದೆಯೇ, ಒತ್ತಕ್ಷರ ಕೆಳಗಿಳಿದಿದೆಯೇ ನೋಡಿ. ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ, ಹಾಕಿಕೊಳ್ಳಿ.

• ಹಳೆಯ ನುಡಿ ಫೈಲುಗಳನ್ನು ಲಿನಕ್ಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಹೆದರಬೇಡಿ, ಮುಖ್ಯವಾಗಿ ಅಳಿಸಬೇಡಿ. ಫೈಲು ಕೆಟ್ಟಿಲ್ಲ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಅಡಿಯಲ್ಲಿದ್ದ ಇಂಗ್ಲಿಷ್ ಹೊರಗೆ ಕಾಣುತ್ತದೆ. ವಿಂಡೋಸ್ ಇರುವಾಗಲೇ ಅವನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಿ. ಕೆಲಸ ಬೇಸರದ್ದು, ದಿನಕ್ಕೆ ಹತ್ತು ಫೈಲಿನಂತೆ ಮಾಡಿ.

• ಲಗ್ನಪತ್ರಿಕೆ ಅಚ್ಚು ಹಾಕುವವರ ಮಕ್ಕಳೇ, ನಿಮಗೆ ಬೇರೆ ಮಾತು. ಕನ್ನಡಕ್ಕೆ ನುಡಿ, ಮರಾಠಿಗೆ ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್, ಎಲ್ಲ ಸೇರಿಸಲು ಕೋರೆಲ್‌ಡ್ರಾ, ಇವೆಲ್ಲ ವಿಂಡೋಸ್‌ನ ಬಳಗ. ಕ್ವಿಜ್ ಏನೇ ಹೇಳಲಿ, ಅಂಗಡಿಯ ಕಂಪ್ಯೂಟರ್ ಮುಟ್ಟಬೇಡಿ. ಲಗ್ನದ ಸೀಸನ್ನಿನಲ್ಲಂತೂ ಅದರ ಹತ್ತಿರವೇ ಸುಳಿಯಬೇಡಿ. ಲಿನಕ್ಸ್ ಬೇಕಿದ್ದರೆ ಮನೆಯ ಲ್ಯಾಪ್‌ಟಾಪಿಗೆ ಹಾಕಿ.

• ಟ್ಯಾಲಿ ಬಳಸುವ ಅಡತಿ ಅಂಗಡಿಯವರಿಗೂ, ಬೆರಳಚ್ಚು ಯಂತ್ರ ಇಟ್ಟುಕೊಂಡು ಆಧಾರ್ ಮೇಲೆ ಹಣ ಕೊಡುವವರಿಗೂ ಇದೇ ಮಾತು.

• ಪ್ರಿಂಟರಿನ ಮಾಡೆಲ್ ನಂಬರು ಬರೆದುಕೊಂಡು ಲಿನಕ್ಸ್‌ನಲ್ಲಿ ಓಡುತ್ತದೆಯೇ ಹುಡುಕಿ. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳಿಗೆ ಎಚ್‌ಪಿಲಿಪ್ ಎಂಬ ತಂತ್ರಾಂಶ ಸಾಕು. ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಬೇಕಾದ ಡ್ರೈವರ್ ಬೇರೆ, ಅದನ್ನು ಕೂರಿಸಲು ತಾಳ್ಮೆ ಬೇಕು.

• ನಿಮ್ಮ ಓಣಿಯಲ್ಲೋ ಕಾಲೇಜಿನಲ್ಲೋ ಯಾರು ಯಾವ ಡಿಸ್ಟ್ರೊ ಬಳಸುತ್ತಾರೆ ಕೇಳಿ. ಕ್ವಿಜ್‌ನಲ್ಲಿ ಮೂರನೆಯದಾಗಿ ಬಂದದ್ದನ್ನು ಪಕ್ಕದ ಮನೆಯ ಅಣ್ಣ ಬಳಸುತ್ತಿದ್ದರೆ ಅದನ್ನೇ ಹಾಕಿ. ವೈಫೈ ಹಿಡಿಯದ ರಾತ್ರಿ ಮೊದಲ ಸ್ಥಾನದ ಡಿಸ್ಟ್ರೊ ಎದ್ದು ಬರುವುದಿಲ್ಲ, ಅಣ್ಣ ಬರುತ್ತಾನೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧರಿಸಿದ ಒಂದೇ ಲಿನಕ್ಸ್ ಇಟ್ಟಿದ್ದಾರೆ. ಒಬ್ಬ ಮೇಷ್ಟ್ರಿಗೆ ಗೊತ್ತಾದದ್ದು ಇನ್ನೊಬ್ಬರಿಗೂ ಉಪಯೋಗಕ್ಕೆ ಬರುತ್ತದೆ.

ಹೆಸರುಗಳು ಬಂದವು ಅನ್ನಿ. ಈಗ ನಿಧಾನ.

• ಪ್ರತಿ ಹೆಸರಿನ ಕೆಳಗೆ ಯಾಕೆ ಸೂಚಿಸಿದೆ, ಯಾಕೆ ಬೇಡವಾಗಬಹುದು ಎಂದು ಕಾರಣ ಬರೆದಿರುತ್ತಾರೆ. ಅದನ್ನು ಓದಿ. ಎಲ್ಲರೂ ಹೆಸರು ಓದಿ ಎದ್ದುಬಿಡುತ್ತಾರೆ.

• ಮೊದಲ ಎರಡು ಮೂರನ್ನು ವೆಂಟಾಯ್ ಹಾಕಿದ ಒಂದೇ ಪೆನ್‌ಡ್ರೈವ್‌ಗೆ ತುಂಬಿಕೊಳ್ಳಿ, ಒಂದೊಂದಾಗಿ ಓಡಿಸಿ ನೋಡಿ. ವೈಫೈ, ಸ್ಪೀಕರ್, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ, ಮುಚ್ಚಿ ತೆರೆದಾಗ ಏಳುವುದು, ಇಷ್ಟನ್ನು ಪರೀಕ್ಷಿಸಿ. ಇನ್‌ಸ್ಟಾಲ್ ಬಟನ್ ಎಲ್ಲೂ ಓಡಿಹೋಗುವುದಿಲ್ಲ. ವೈಫೈ ಹಿಡಿಯದಿದ್ದರೆ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಹಚ್ಚಿ, ಡ್ರೈವರ್ ಇಳಿಸಿಕೊಳ್ಳಬಹುದು.

• ನಮ್ಮ ದೇಶದ್ದೇ ಬೇಕು ಅನ್ನುವವರು ಬಾಸ್ ಲಿನಕ್ಸನ್ನೂ ಹೀಗೆ ಓಡಿಸಿ ನೋಡಿ. ಸಿ-ಡ್ಯಾಕ್‌ನವರು 2007ರಲ್ಲಿ ಹೊರತಂದದ್ದು, ಡೆಬಿಯನ್ ಮೇಲೆ ಕಟ್ಟಿದ್ದು, ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅಭಿಮಾನ ಸರಿ, ಆದರೆ ಅದಕ್ಕೂ ಪಕ್ಕದ ಮನೆಯ ಅಣ್ಣನ ಪರೀಕ್ಷೆ ಇದೆ.

• ಡೌನ್‌ಲೋಡ್ ಲೆಕ್ಕ ಹಾಕಿ ಮಾಡಿ. ಮಿಂಟ್ ಸುಮಾರು ಮೂರು ಜಿಬಿ, ಉಬುಂಟು ಆರರ ಹತ್ತಿರ. ಒಂದು ದಿನದ ಡೇಟಾದಲ್ಲಿ ಮುಗಿಯುವುದಿಲ್ಲ. ಅವರದೇ ಅಧಿಕೃತ ಟೊರೆಂಟ್ ಹಾಕಿದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಮೊದಲಿನಿಂದ ಶುರುವಾಗುವುದಿಲ್ಲ. ಇನ್ನೂ ಚಲೋ ಅಂದರೆ, ಗೆಳೆಯರು ನಾಲ್ವರು ಸೇರಿ ಒಬ್ಬರು ಇಳಿಸಿ ಹಂಚಿಕೊಳ್ಳಿ. ಲಿನಕ್ಸ್ ಹಂಚಿಕೊಳ್ಳುವುದು ಕಳ್ಳತನವಲ್ಲ.

• ಇಳಿಸಿದ ಮೇಲೆ ಫೈಲಿನ ಎಸ್‌ಎಚ್‌ಎ256 ಸಂಖ್ಯೆಯನ್ನು ಡಿಸ್ಟ್ರೊದ ತಾಣದಲ್ಲಿ ಕೊಟ್ಟ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ಅರ್ಧ ಇಳಿದ ಫೈಲು ಇನ್‌ಸ್ಟಾಲ್ ನಡುವೆ ಕೈಕೊಡುತ್ತದೆ, ನೀವು ಡಿಸ್ಟ್ರೊವನ್ನು ಬಯ್ಯುತ್ತೀರಿ.

• ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇದ್ದರೆ ಇನ್ವರ್ಟರ್ ಇರುವ ಮನೆಯಲ್ಲಿ ಕೂತು ಹಾಕಿ. ಡಿಸ್ಕ್ ಭಾಗ ಮಾಡುವಾಗ ಕರೆಂಟ್ ಹೋಗಬಾರದು. ಮೇ ತಿಂಗಳ ಸಂಜೆ, ಗುಡುಗು ಕೇಳಿಸುತ್ತಿರುವಾಗ ಶುರು ಮಾಡಬೇಡಿ.

• ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಹಾಕಿ, ಮುಂಚೆ ಬೇಡ. ಎಳ್ಳ ಅಮಾವಾಸ್ಯೆಯ ದಿನವೂ ಬೇಡ. ಸಹಾಯ ಮಾಡುವ ಅಣ್ಣ ಅವತ್ತು ಹೊಲದಲ್ಲಿ ಭಜ್ಜಿ ಉಣ್ಣುತ್ತಿರುತ್ತಾನೆ, ಫೋನು ಎತ್ತುವುದಿಲ್ಲ. ನೀವೂ ಹೊಲಕ್ಕೆ ಹೋಗಿ.

• ಮಿಂಟ್ ಹಾಕಿದವರು ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಇದು ಸಿಸ್ಟಮ್ಮನ್ನು ಕಾಯುತ್ತದೆ, ನಿಮ್ಮ ಫೋಟೊಗಳನ್ನಲ್ಲ. ಬ್ಯಾಕಪ್ ಬೇರೆ ಇರಲೇಬೇಕು.

• ಪಾಸ್‌ವರ್ಡ್ ಮರೆಯುವವರು ‘ಎನ್‌ಕ್ರಿಪ್ಟ್’ ಎಂಬ ಚೌಕಕ್ಕೆ ಟಿಕ್ ಹಾಕಬೇಡಿ. ಮರೆಯುವುದಿಲ್ಲ ಅನ್ನುವವರೂ ಒಂದು ಕಡೆ ಬರೆದಿಡಿ.

• ಹಾಕಿ ತಿಂಗಳಾಗುವವರೆಗೆ ಮತ್ತೆ ಕ್ವಿಜ್ ಆಡಬೇಡಿ. ವಾಲ್‌ಪೇಪರ್ ಬೇಸರವಾಯಿತೆಂದು ಡಿಸ್ಟ್ರೊ ಬದಲಿಸುವವರನ್ನು ಕಂಡಿದ್ದೇನೆ. ವಾಲ್‌ಪೇಪರ್ ಬದಲಿಸಿ, ಸಾಕು.

• ಕೆಲಸ ಮುಗಿದ ಪೆನ್‌ಡ್ರೈವ್ ಮೇಲೆ ಡಿಸ್ಟ್ರೊ ಹೆಸರು, ಆವೃತ್ತಿ ಬರೆದ ಚೀಟಿ ಅಂಟಿಸಿ. ಯಾರಾದರೂ ಕೇಳಿದರೆ ಕೊಡಿ, ಯಾರಿಗೆ ಕೊಟ್ಟಿರಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊಟ್ಟ ಪೆನ್‌ಡ್ರೈವ್ ತಾನಾಗಿ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ.