ಅಮೆರಿಕದಲ್ಲಿ ನರ್ಸಿಂಗ್: ಎರಡು ವರ್ಷದ್ದೋ, ನಾಲ್ಕು ವರ್ಷದ್ದೋ?

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದ ನನ್ನ ಚಿಕ್ಕಮ್ಮನ ಮಗಳು ಹೊತ್ತು ಕಳೆಯಲೆಂದು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಮೂರ್ನಾಲ್ಕು ವಿಷಯ ತೆಗೆದುಕೊಂಡಿದ್ದಳು. ಅನಾಟಮಿ ಕ್ಲಾಸಿನ ರುಚಿ ಹತ್ತಿ ಮನಸ್ಸು ನರ್ಸಿಂಗ್ ಕಡೆ ವಾಲಿತು. ‘ಅಕ್ಕಾ, ಎರಡು ವರ್ಷದ್ದು ಸೇರಲಾ, ನಾಲ್ಕು ವರ್ಷದ್ದು ಸೇರಲಾ?’ ಎಂದು ಫೋನ್ ಮಾಡಿದಳು. ಕಾಲೇಜಿನ ಕೈಪಿಡಿಯಲ್ಲಿ ಬರೆದಿರುವ ಆ ವರ್ಷಗಳು ಹೈಸ್ಕೂಲಿನಿಂದ ನೇರವಾಗಿ ಬಂದವರ ಲೆಕ್ಕ. ಒಂದಿಷ್ಟು ಓದಿಕೊಂಡು ನಡುವೆ ಬಂದು ಸೇರುವವರಿಗೆ ಎರಡು ವರ್ಷ ಎರಡಾಗಿರುವುದಿಲ್ಲ, ನಾಲ್ಕು ನಾಲ್ಕಾಗಿಯೇ ಇರಬೇಕೆಂದೂ ಇಲ್ಲ.

ಕಮ್ಯುನಿಟಿ ಕಾಲೇಜು ಕೊಡುವ ಅಸೋಸಿಯೇಟ್ ಪದವಿಯನ್ನು ಎಡಿಎನ್ ಎನ್ನುತ್ತಾರೆ; ವಿಶ್ವವಿದ್ಯಾಲಯದ ಪದವಿ ಬಿಎಸ್‌ಎನ್. ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳು ಸಾಲದೆ ಹೋದಾಗ, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಮಿಲ್ಡ್ರೆಡ್ ಮಾಂಟಾಗ್ 1951ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಎರಡು ವರ್ಷದ ಕೋರ್ಸಿನ ಯೋಚನೆ ಮುಂದಿಟ್ಟರು. ಮರುವರ್ಷವೇ ಅದು ಪ್ರಯೋಗಕ್ಕೆ ಬಂತು. ಇಂದಿಗೂ ಎರಡೂ ಕೋರ್ಸಿನವರು ಬರೆಯುವುದು ಒಂದೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ, ಪಡೆಯುವುದು ಒಂದೇ ಲೈಸೆನ್ಸ್.

ಹೆಜ್ಜೆ 1: ಕೈಯಲ್ಲಿ ಏನಿದೆ ಎಂದು ಎಣಿಸಿ

ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ಭಾರತದ ಮಾರ್ಕ್ಸ್ ಕಾರ್ಡನ್ನು ಅಮೆರಿಕದ ಕಾಲೇಜು ಹಾಗೇ ಒಪ್ಪುವುದಿಲ್ಲ. ಡಬ್ಲ್ಯುಇಎಸ್, ಇಸಿಇಯಂಥ ಸಂಸ್ಥೆಗಳಿಂದ ಮೌಲ್ಯಮಾಪನ ಮಾಡಿಸಬೇಕು; ಅದರಲ್ಲೂ ಒಂದೊಂದು ವಿಷಯಕ್ಕೂ ಕ್ರೆಡಿಟ್ ಎಷ್ಟು ಎಂದು ತೋರಿಸುವ ವರದಿಯನ್ನೇ ಕೇಳಿ. ಯಾವ ಸಂಸ್ಥೆಯ ವರದಿ ನಡೆಯುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಕಾಲೇಜಿನಲ್ಲಿ ವಿಚಾರಿಸಿಕೊಳ್ಳಿ. ನಮ್ಮ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಲು ತಿಂಗಳುಗಳೇ ಹಿಡಿಯಬಹುದು. ಊರಿನಲ್ಲಿ ಓಡಾಡಲು ಒಬ್ಬ ತಮ್ಮನೋ ಮಾವನೋ ಇದ್ದರೆ ಪುಣ್ಯ.

ಇಲ್ಲಿ ಎರಡು ತೊಡಕುಗಳಿವೆ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ವಿಷಯಗಳಿಗೆ ಅನೇಕ ಕಡೆ ಐದೋ ಏಳೋ ವರ್ಷದ ಗಡುವಿರುತ್ತದೆ. ಹತ್ತು ವರ್ಷದ ಹಿಂದೆ ಓದಿದ್ದರೆ ಮತ್ತೆ ಓದಬೇಕು. ಇನ್ನೊಂದು ನಮ್ಮ ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ.ಗಳದು: ಕೆಲವು ಕಡೆ ಅದನ್ನು ಪೂರ್ಣ ಪದವಿ ಎಂದು ಒಪ್ಪುತ್ತಾರೆ, ಕೆಲವು ಕಡೆ ಮೂರು ವರ್ಷದ ಕಾಲೇಜು ಓದು ಎಂದಷ್ಟೇ ಬರೆಯುತ್ತಾರೆ.

ಪೂರ್ಣ ಪದವಿ ಎಂದು ಒಪ್ಪಿದರೆ ಮೂರನೇ ಬಾಗಿಲೊಂದು ತೆರೆಯುತ್ತದೆ. ಬೇರೆ ವಿಷಯದಲ್ಲಿ ಪದವಿ ಇರುವವರಿಗಾಗಿಯೇ ಆಕ್ಸಿಲರೇಟೆಡ್ ಬಿಎಸ್‌ಎನ್ ಇದೆ. ಸಾಮಾನ್ಯವಾಗಿ 12ರಿಂದ 18 ತಿಂಗಳು. ಬಿ.ಇ. ಮಾಡಿದವರು ಇದನ್ನು ನೋಡದೆ ಎಡಿಎನ್‌ಗೆ ಅರ್ಜಿ ಹಾಕಬಾರದು. ಆದರೆ ಓದಿನ ಒತ್ತಡ ವಿಪರೀತ, ಶುಲ್ಕವೂ ಹೆಚ್ಚು. ಮನೆಯಲ್ಲಿ ಪುಟ್ಟ ಮಗುವಿದ್ದರೆ ನೋಡಿಕೊಳ್ಳಲು ಅತ್ತೆಯೋ ಅಮ್ಮನೋ ಬಂದಿರಬೇಕು, ಅಷ್ಟೇ.

ಊರಿನಲ್ಲೇ ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಈ ಲೇಖನ ಬೇಕಿಲ್ಲ. ನೀವು ಮೊದಲಿನಿಂದ ಓದುವ ಮುನ್ನ, ಹೋಗಲಿರುವ ರಾಜ್ಯದ ನರ್ಸಿಂಗ್ ಬೋರ್ಡಿನ ನಿಯಮ ನೋಡಿ. ಟ್ರೂಮೆರಿಟ್‌ನಂಥ (ಹಿಂದಿನ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆಯಿಂದ ದಾಖಲೆ ಪರಿಶೀಲನೆ ಮಾಡಿಸಿ ನೇರ ಎನ್‌ಕ್ಲೆಕ್ಸ್ ಬರೆಯುವ ದಾರಿ ನಿಮ್ಮದು. ಆ ಪರೀಕ್ಷೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ.

ಹೆಜ್ಜೆ 2: ಕಾಯುವುದನ್ನೂ ಕೂಡಿಸಿ

ಎಡಿಎನ್‌ನ ‘ಎರಡು ವರ್ಷ’ ಶುರುವಾಗುವುದು ನರ್ಸಿಂಗ್ ವಿಭಾಗಕ್ಕೆ ಸೀಟು ಸಿಕ್ಕ ದಿನದಿಂದ. ಅದಕ್ಕೂ ಮೊದಲು ವಿಜ್ಞಾನ, ಇಂಗ್ಲಿಷ್, ಸೈಕಾಲಜಿಗಳಿಗೆ ಒಂದು ವರ್ಷವಾದರೂ ಬೇಕು. ಟೀಸ್ ಅಥವಾ ಹೆಸಿ ಎಂಬ ಪ್ರವೇಶ ಪರೀಕ್ಷೆಯೂ ಇರಬಹುದು. ಬೇಡಿಕೆ ಹೆಚ್ಚಿರುವ ಕಡೆ ಕಾಯುವ ಪಟ್ಟಿ. ಕೆಲವು ಕಾಲೇಜುಗಳಲ್ಲಂತೂ ಲಾಟರಿ. ಎಲ್ಲ ಸೇರಿ ನಾಲ್ಕು ವರ್ಷ ಮುಟ್ಟಿದವರನ್ನು ಕಂಡಿದ್ದೇನೆ. ಎರಡು ವರ್ಷದ ಕ್ರೆಡಿಟ್ ಇಟ್ಟುಕೊಂಡು ಬಿಎಸ್‌ಎನ್‌ಗೆ ಟ್ರಾನ್ಸ್‌ಫರ್ ಆಗುವವರಿಗೆ ಉಳಿದಿರುವುದೂ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಹೀಗಾಗಿ ಕಾಗದ ತೆಗೆದುಕೊಂಡು ಎರಡೂ ಕಡೆಯ ಮುಗಿಯುವ ತಿಂಗಳನ್ನು ಬರೆದು ನೋಡಿ.

ಹೆಜ್ಜೆ 3: ಯಾವ ಕ್ರೆಡಿಟ್ ಜೊತೆಗೆ ಬರುತ್ತದೆ?

ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಕೆಮಿಸ್ಟ್ರಿಗಳ ಕ್ರೆಡಿಟ್ ಬಹುಮಟ್ಟಿಗೆ ಬರುತ್ತದೆ. ನರ್ಸಿಂಗ್ ವಿಷಯಗಳದು ಹಾಗಲ್ಲ. ಒಂದು ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ನರ್ಸಿಂಗ್ ಓದಿ ನಡುವೆ ಇನ್ನೊಂದಕ್ಕೆ ಹೋಗುವುದು ಬಲು ಕಷ್ಟ. ಹೆಚ್ಚಿನ ಕಾಲೇಜುಗಳು ಮತ್ತೆ ಮೊದಲಿನಿಂದ ಓದಿಸುತ್ತವೆ. ಬದಲಿಸುವುದಿದ್ದರೆ ನರ್ಸಿಂಗ್ ಶುರುವಾಗುವ ಮುನ್ನ ಬದಲಿಸಿ, ಇಲ್ಲವೇ ಎಡಿಎನ್ ಮುಗಿಸಿಯೇ ಹೊರಡಿ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕಮ್ಯುನಿಟಿ ಕಾಲೇಜಿನ ಯಾವ ವಿಷಯವನ್ನು ಯಾವ ಸರ್ಕಾರಿ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂಬುದು ‘ಅಸಿಸ್ಟ್’ ಜಾಲತಾಣದಲ್ಲಿ ಸಿಗುತ್ತದೆ.

ಹೆಜ್ಜೆ 4: ಕೆಲಸ ಎಲ್ಲಿ ಬೇಕು?

ವೃದ್ಧಾಶ್ರಮ, ಡಯಾಲಿಸಿಸ್ ಕೇಂದ್ರ, ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಎಡಿಎನ್‌ನವರಿಗೆ ಕೆಲಸವಿದೆ. ಮಹಾನಗರದ ದೊಡ್ಡ ಆಸ್ಪತ್ರೆಗಳ ಜಾಹೀರಾತಿನಲ್ಲಿ ‘ಬಿಎಸ್‌ಎನ್‌ಗೆ ಆದ್ಯತೆ’ ಎಂಬ ಸಾಲು ಮಾಮೂಲಿ. 2020ರ ಹೊತ್ತಿಗೆ ನೂರಕ್ಕೆ 80 ನರ್ಸ್‌ಗಳಿಗೆ ಬಿಎಸ್‌ಎನ್ ಇರಬೇಕೆಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ಶಿಫಾರಸು ಮಾಡಿದ ಮೇಲೆ ಈ ಒತ್ತು ಹೆಚ್ಚಿತು. ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನನ್ನೇ ತಂದಿತು: ಅಲ್ಲಿ ಹೊಸದಾಗಿ ಲೈಸೆನ್ಸ್ ಪಡೆಯುವ ನರ್ಸ್‌ಗಳು ಹತ್ತು ವರ್ಷದೊಳಗೆ ಬಿಎಸ್‌ಎನ್ ಮಾಡಿಕೊಳ್ಳಬೇಕು. ನೀವಿರುವ ಊರಿನ ಇಪ್ಪತ್ತು ಜಾಹೀರಾತು ಓದಿದರೆ ಯಾವ ಸಲಹೆಗಾರರೂ ಹೇಳದ ಸತ್ಯ ಸಿಗುತ್ತದೆ.

ಹೆಜ್ಜೆ 5: ಮಾನ್ಯತೆ ಮತ್ತು ಫಲಿತಾಂಶ

ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳಲ್ಲಿ ಎಸಿಇಎನ್ ಎಲ್ಲ ಹಂತದ ಕೋರ್ಸ್‌ಗಳಿಗೂ ಮಾನ್ಯತೆ ಕೊಡುತ್ತದೆ. ಸಿಸಿಎನ್‌ಇ ಕೊಡುವುದು ಬಿಎಸ್‌ಎನ್ ಮತ್ತು ಅದರ ಮೇಲಿನವಕ್ಕೆ. ರಾಜ್ಯ ಬೋರ್ಡಿನ ಒಪ್ಪಿಗೆ ಇಲ್ಲದ ಕಡೆಗೆ ತಲೆಹಾಕಲೇಬೇಡಿ. ಮೊದಲ ಯತ್ನದಲ್ಲೇ ಎನ್‌ಕ್ಲೆಕ್ಸ್ ಪಾಸಾದವರ ಪ್ರಮಾಣವನ್ನು ಅನೇಕ ಬೋರ್ಡುಗಳು ಕಾಲೇಜುವಾರು ಪ್ರಕಟಿಸುತ್ತವೆ. ಮೂರ್ನಾಲ್ಕು ವರ್ಷದ್ದನ್ನು ಒಟ್ಟಿಗೆ ನೋಡಿ.

ಹೆಜ್ಜೆ 6: ವೀಸಾ ಮತ್ತು ದುಡ್ಡು

ಎಚ್‌-1ಬಿ ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವ ಎಚ್‌-4 ವೀಸಾದಲ್ಲಿ ಓದಬಹುದು, ದುಡಿಯಲು ಪರವಾನಗಿ ಬೇಕು. ಅದಕ್ಕೆ ಮುಖ್ಯ ದಾರಿ ಸಂಗಾತಿಯ ಗ್ರೀನ್ ಕಾರ್ಡಿಗಾಗಿ ಹಾಕಿದ ಐ-140 ಅರ್ಜಿ ಮಂಜೂರಾಗಿರುವುದು. ಸಾಮಾನ್ಯ ವಾರ್ಡ್ ನರ್ಸ್ ಕೆಲಸಕ್ಕೆ ಎಚ್‌-1ಬಿ ಸಿಗುವುದು ಅಪರೂಪ. ‘ಬೇಗ ಮುಗಿಸಿ ಬೇಗ ಸಂಬಳ’ ಎಂದು ಎಡಿಎನ್ ಆರಿಸುವವರು ಇದನ್ನು ಮೊದಲೇ ಯೋಚಿಸಬೇಕು. ಪರವಾನಗಿ ಬರುವುದೇ ನಾಲ್ಕು ವರ್ಷಕ್ಕಾದರೆ ಆ ಅವಸರ ಯಾಕೆ?

ದುಡ್ಡಿನ ಮಾತಿಗೆ ಬಂದರೆ ಎಡಿಎನ್ ಗೆಲ್ಲುತ್ತದೆ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ಒಟ್ಟು 70 ಯೂನಿಟ್ ಎಂದುಕೊಂಡರೆ 3,220 ಡಾಲರ್. ಪುಸ್ತಕ, ಸಮವಸ್ತ್ರ, ಹಿನ್ನೆಲೆ ತಪಾಸಣೆ ಬೇರೆ. ಲೈಸೆನ್ಸ್ ಸಿಕ್ಕ ಮೇಲೆ ದುಡಿಯುತ್ತಲೇ ಆನ್‌ಲೈನಿನಲ್ಲಿ ಬಿಎಸ್‌ಎನ್ ಮುಗಿಸಬಹುದು. ಅನೇಕ ಆಸ್ಪತ್ರೆಗಳು ಶುಲ್ಕದ ಒಂದು ಪಾಲನ್ನು ಭರಿಸುತ್ತವೆ. ಎಡಿಎನ್ ಓದುವಾಗಲೇ ವಿಶ್ವವಿದ್ಯಾಲಯದ ವಿಷಯಗಳನ್ನೂ ತೆಗೆದುಕೊಳ್ಳುವ ಜೋಡಿ ಯೋಜನೆಗಳೂ ಇವೆ. ಕೆಲಸದ ಪರವಾನಗಿ ಕೈಯಲ್ಲಿದ್ದು ಸಾಲ ಬೇಡವೆನ್ನುವವರಿಗೆ ನನ್ನ ಮತ ಎಡಿಎನ್‌ಗೇ.

ತಂಗಿಯ ಪದವಿಯನ್ನು ಅವಳು ಬಯಸಿದ ಕಾಲೇಜು ಪೂರ್ಣ ಪದವಿ ಎಂದು ಒಪ್ಪಲಿಲ್ಲ. ಅವಳೀಗ ಮೈಕ್ರೋಬಯಾಲಜಿಯನ್ನು ಎರಡನೇ ಸಲ ಓದುತ್ತಿದ್ದಾಳೆ, ಜೋಡಿ ಯೋಜನೆಗೆ ಅರ್ಜಿ ಹಾಕಿದ್ದಾಳೆ. ಯಾವ ವಿಷಯ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕಾಲೇಜಿನ ಕೌನ್ಸೆಲರ್ ಮೊದಲ ಸಲ ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ಆಮೇಲೆ ಇಮೇಲ್‌ನಲ್ಲಿ ಬರೆದದ್ದಕ್ಕೂ ಎರಡು ವಿಷಯಗಳ ವ್ಯತ್ಯಾಸವಿತ್ತು. ನೀವೂ ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ.