ಕಷ್ಟಕಾಲಕ್ಕೆ ಸಭೆಯ ಹಿಡಿಜೋಳ

ಹೆಸರು, ಉದ್ದು ರಾಶಿಗೆ ಬರುವ ಹೊತ್ತಿಗೇ ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಭಾಲ್ಕಿ ತಾಲೂಕಿನ ಸಣ್ಣ ರೈತರಿಗೆ ಇದು ಹೊಸದಲ್ಲ. ಹೊಲ ಇದ್ದವರು ಸಾಲಕ್ಕೆ ಓಡುತ್ತಾರೆ, ಇಲ್ಲದವರು ಹೈದರಾಬಾದ್ ಇಲ್ಲವೆ ಪುಣೆಯ ದಾರಿ ಹಿಡಿಯುತ್ತಾರೆ. ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥೊಡಿಸ್ಟ್ ಸಭೆಯವರು. ಖಟಕ ಚಿಂಚೋಳಿ ಹೋಬಳಿಯಂಥ ಕಡೆ ಅವರಲ್ಲಿ ಬಹಳ ಮಂದಿ ಕೂಲಿಯನ್ನೇ ನಂಬಿದವರು. ಇಂಥ ಮನೆಯ ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡಿ ಹಿಂದಿರುಗಿದರೆ ಸಾಲದು. ಉಡಲು, ಉಣ್ಣಲು ಇಲ್ಲದವನಿಗೆ ಬರೀ ಹಾರೈಕೆ ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ನೇರವಾಗಿಯೇ ಕೇಳುತ್ತದೆ.

ಹಾಗಾದರೆ ಮೂವತ್ತು ಮನೆಗಳ ಬಡ ಸಭೆ ಏನು ಮಾಡಬಹುದು? ಬಹಳಷ್ಟು ಮಾಡಬಹುದು, ಕಷ್ಟ ಬರುವ ಮೊದಲೇ ಶುರುಮಾಡಿದರೆ.

ಮೊದಲು ಕಾಳು ಕೂಡಿಸಿ

ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಬೇರೆ ಇಡುವುದು, ಅದನ್ನು ಸಭೆಗೆ ಒಪ್ಪಿಸುವುದು. ದುಡ್ಡಿಲ್ಲದವರೂ ಕೊಡುವವರಾಗುವ ದಾರಿ ಇದು. ನಮ್ಮಲ್ಲಿ ಅಕ್ಕಿಯ ಜಾಗಕ್ಕೆ ಜೋಳ, ಜೊತೆಗೆ ತೊಗರಿಬೇಳೆ ಬರಲಿ.

ಲೆಕ್ಕ ಹಾಕಿ ನೋಡಿ. ಒಂದು ಹಿಡಿ ಸುಮಾರು 50 ಗ್ರಾಂ ಅಂದುಕೊಳ್ಳೋಣ. ದಿನಕ್ಕೆ ಒಂದು ಹಿಡಿಯಾದರೆ ತಿಂಗಳಿಗೆ ಮನೆಯೊಂದಕ್ಕೆ ಒಂದೂವರೆ ಕಿಲೋ, ಮೂವತ್ತು ಮನೆಗೆ 45 ಕಿಲೋ. ಆಪತ್ತಿಗೆ ಸಿಕ್ಕ ಎರಡು ಮನೆಗಳ ರೊಟ್ಟಿಗೆ ಒಂದು ತಿಂಗಳು ಅದು ಸಾಕು. ಜೋಳವನ್ನು ಹಿಟ್ಟು ಮಾಡಿಸಬೇಡಿ, ಕಾಳಾಗಿಯೇ ಇಡಿ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಒಣಗಿದ ಬೇವಿನ ಎಲೆ ಬೆರೆಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ತುಂಬಿ. ಹಳೆಯದು ಮೊದಲು ಖಾಲಿಯಾಗಲಿ. ಈ ಕೆಲಸದ ಉಸ್ತುವಾರಿ ಮಹಿಳಾ ಸಂಘದ ಕೈಯಲ್ಲೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರ ಮನೆಯ ಒಲೆ ಉರಿದಿಲ್ಲ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಲೆಕ್ಕದ ಪುಸ್ತಕ

ಕೂಡಿಸಿದ್ದನ್ನು ಒಪ್ಪಿಸುವ ರೀತಿಗೆ ಬೈಬಲಿನಲ್ಲೇ ಮಾದರಿ ಇದೆ. ರೋಮ್ ಚಕ್ರವರ್ತಿ ಕ್ಲೌದ್ಯನ ಕಾಲದ ಬರಗಾಲದಲ್ಲಿ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಕೂಡಿಸಿ ಯೂದಾಯಕ್ಕೆ ಕಳಿಸಿದರು. ಒಯ್ದವರು ಬಾರ್ನಬ ಮತ್ತು ಸೌಲ, ಅಂದರೆ ಪೌಲ. ಮುಂದೆ ಇಂಥದ್ದೇ ಇನ್ನೊಂದು ಹಣ ಸಂಗ್ರಹದಲ್ಲಿ, ಯಾರೂ ಬೆರಳು ತೋರಿಸಬಾರದೆಂದು, ಪೌಲನು ತೀತನ ಜೊತೆ ಬೇರೆಯವರನ್ನೂ ಕಳಿಸಿದ. ಅದನ್ನೇ ಪಾಲಿಸಿ: ಕಾಳಿಗೂ ದುಡ್ಡಿಗೂ ಒಬ್ಬರಲ್ಲ, ಇಬ್ಬರು ಜವಾಬ್ದಾರರು, ಇಬ್ಬರ ಸಹಿ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಓದಿ. ಪಡೆದವರ ಹೆಸರನ್ನು ಮಾತ್ರ ಓದಬೇಡಿ. ಫೋಟೊ ತೆಗೆದು ವಾಟ್ಸ್‌ಆಪ್‌ಗೆ ಹಾಕುವುದಂತೂ ಬೇಡವೇ ಬೇಡ.

ಕಚೇರಿಗೆ ಜೊತೆಗೆ ಹೋಗಿ

ಜೋಳ ಒಂದು ತಿಂಗಳಿಗೆ ಆದೀತು. ಸರ್ಕಾರದಿಂದ ಸಿಗಬೇಕಾದದ್ದು ಸಿಕ್ಕರೆ ಮನೆ ನಿಲ್ಲುತ್ತದೆ. ಓದು ಬಲ್ಲ ಇಬ್ಬರು ಯುವಕ ಯುವತಿಯರಿಗೆ ಇದೇ ಸೇವೆ ಒಪ್ಪಿಸಿ. ಬೆಳೆ ವಿಮೆ ಮಾಡಿಸಿದ ಹೊಲಕ್ಕೆ ಆಲಿಕಲ್ಲು ಬಿದ್ದರೆ, ಕೊಯ್ದು ಹರಡಿದ ಬೆಳೆ ಅಕಾಲಿಕ ಮಳೆಗೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ಅಳುತ್ತ ಕೂತ ಮನೆಯಲ್ಲಿ ಈ ಮೂರು ದಿನ ಸುಮ್ಮನೆ ಕಳೆದುಹೋಗುತ್ತವೆ, ಅದಕ್ಕೇ ಫೋನು ಮಾಡುವವರು ನೀವಾಗಬೇಕು. ಪಹಣಿ, ಆಧಾರ್, ಪಾಸ್‌ಬುಕ್ ಕೈಗೆ ಸಿಗುವಂತೆ ಇಡಿಸಿ.

ಬಡತನ ರೇಖೆ ಕೆಳಗಿನ ಮನೆಯಲ್ಲಿ ದುಡಿಯುವ ಆಸರೆ 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಮ್ಮೆ 20,000 ರೂಪಾಯಿ ಸಿಗುತ್ತದೆ. ಇದಕ್ಕೂ ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ವಿಚಾರಿಸಿ. ಮಣ್ಣು ಮಾಡಿದ ದಿನ ಊರೆಲ್ಲ ಬರುತ್ತದೆ. ತಿಂಗಳು ಕಳೆದ ಮೇಲೆ ಆ ತಾಯಿಯ ಜೊತೆ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವವರು ಬೇಕು.

ಮನಸ್ಸು ಕುಸಿದವರು

ಸಾಲಗಾರರ ಕಣ್ಣು ತಪ್ಪಿಸಿ ಓಡಾಡುವವರು, ಆರಾಧನೆಗೆ ಬರುವುದನ್ನೇ ಬಿಟ್ಟವರು, ಇನ್ನು ಬದುಕಿ ಏನು ಎಂದು ಮಾತಿಗೊಮ್ಮೆ ಹೇಳುವವರು: ಇವರ ಮನೆಗೆ ಅಂದೇ ಹೋಗಿ. ವಿಶ್ವಾಸ ಕಡಿಮೆಯಾಯಿತು ಎಂದು ಯಾರೂ ಗದರಬಾರದು. ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿನ ಕೀಟನಾಶಕ ದೂರ ಇಡಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಪ್ರಾಣಕ್ಕೆ ಅಪಾಯ ಕಂಡರೆ 108.

ಬಾಗಿಲು ಎಲ್ಲರಿಗೂ

ಕೊಡುವಾಗ ಜಾತಿ, ಮತ ಕೇಳಬೇಡಿ. ಸಭೆಗೆ ಬನ್ನಿ ಎಂಬ ಷರತ್ತನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ. ಯೇಸು ಹೇಳಿದ ಕಥೆಯ ಸಮಾರ್ಯದವನು ಗಾಯಗೊಂಡವನ ಕುಲ ಕೇಳಲಿಲ್ಲ. ಗಾಯ ಕಟ್ಟಿದ, ಛತ್ರದ ಖರ್ಚು ಕೊಟ್ಟ. ಹಸಿವಿಗೆ ಬೆಲೆ ಕಟ್ಟಿ ಕೊಳ್ಳುವ ವಿಶ್ವಾಸ ವಿಶ್ವಾಸವೇ ಅಲ್ಲ. ದಾಸೋಹ ಬೇರುಬಿಟ್ಟ ನೆಲ ಇದು. ಊರಿನ ಮಠ, ಮಸೀದಿಯವರು ಕೈಜೋಡಿಸುತ್ತೇವೆ ಎಂದರೆ ಸಂತೋಷದಿಂದ ಸೇರಿಸಿಕೊಳ್ಳಿ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಜೋಳ ನೋಡಿಕೊಳ್ಳುವ ಇಬ್ಬರು ಹೆಂಗಸರನ್ನು, ಕಚೇರಿಗೆ ಹೋಗುವ ಇಬ್ಬರು ಯುವಜನರನ್ನು ಹೆಸರು ಹಿಡಿದು ಆರಿಸಿ. ಮೊದಲ ಹಿಡಿ ಆ ಸಂಜೆಯ ಅಡುಗೆಯಿಂದಲೇ ತೆಗೆದಿಡಿ.