ಬಿಳಿಹಾದಿಗಳ ನಾಡಿನಲ್ಲಿ ಸೈಕಲ್ ಸವಾರಿ: ಇಟಲಿಯ ಟಸ್ಕನಿಯ ಗುಡ್ಡರಸ್ತೆಗಳ ಒಂದು ಪರಿಚಯ

ಇಟಲಿ ದೇಶದ ನಡುಭಾಗದಲ್ಲಿ, ಅಪೆನೈನ್ ಪರ್ವತಶ್ರೇಣಿಯಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ ಇಳಿಯುವ ಗುಡ್ಡಗಾಡು ಪ್ರಾಂತವೊಂದಿದೆ. ಅದರ ಹೆಸರು ಟಸ್ಕನಿ. ಫ್ಲಾರೆನ್ಸ್, ಪೀಸಾ, ಸಿಯೆನಾ ಮೊದಲಾದ ನಗರಗಳ ಕಲಾವೈಭವದಿಂದ ಈ ಪ್ರಾಂತವು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಪರಿಚಿತವಾಗಿದೆ. ಆದರೆ ಪ್ರಸ್ತುತ ಲೇಖನದ ವಸ್ತು ಅಲ್ಲಿನ ಚಿತ್ರಗಳಲ್ಲ, ಗೋಪುರಗಳಲ್ಲ. ಸಿಯೆನಾ ನಗರದ ಸುತ್ತಣ ಗುಡ್ಡಗಳ ಮೇಲೆ ಹಾವಿನಂತೆ ಹರಿದಿರುವ, ಡಾಮರು ಕಾಣದ ಬಿಳಿಯ ರಸ್ತೆಗಳು. ಇಂದು ಜಗತ್ತಿನ ನಾನಾ ಭಾಗಗಳಿಂದ ಸೈಕಲ್ ಸವಾರರು ಈ ರಸ್ತೆಗಳನ್ನು ಅರಸಿಕೊಂಡು ಬರುತ್ತಾರೆ. ಅಳಿಸಿಹೋಗಬಹುದಾಗಿದ್ದ ಈ ಹಾದಿಗಳು ಹೇಗೆ ಹುಟ್ಟಿದವು, ಏಕೆ ಉಳಿದವು, ಅವುಗಳ ಮೇಲೆ ಸಾಗುವವನಿಗೆ ಏನು ಎದುರಾಗುತ್ತದೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ನೆಲ ಮತ್ತು ಹವೆ

ಸಿಯೆನಾದ ಸುತ್ತಲಿನ ಪ್ರದೇಶವನ್ನು ಸ್ಥೂಲವಾಗಿ ಎರಡು ಭಾಗ ಮಾಡಬಹುದು. ಉತ್ತರಕ್ಕೆ ಕಿಯಾಂತಿ ಸೀಮೆ. ಇದು ಕಲ್ಲುನೆಲ, ಓಕ್ ಮರಗಳ ಕಾಡು, ನಡುನಡುವೆ ದ್ರಾಕ್ಷಿ ಮತ್ತು ಆಲಿವ್ ತೋಟಗಳು. ದಕ್ಷಿಣ ಮತ್ತು ಆಗ್ನೇಯಕ್ಕೆ ಕ್ರೇತೆ ಸೆನೇಸಿ ಎಂಬ ಜೇಡಿಮಣ್ಣಿನ ಬೋಳುಗುಡ್ಡಗಳ ಸೀಮೆ. ಲಕ್ಷಾಂತರ ವರ್ಷಗಳ ಹಿಂದೆ ಇದು ಸಮುದ್ರದ ತಳವಾಗಿತ್ತು. ಆ ಕಾಲದ ಚಿಪ್ಪುಗಳು ಇಂದಿಗೂ ಮಣ್ಣಿನಲ್ಲಿ ಸಿಗುತ್ತವೆ. ಮಳೆನೀರು ಈ ಮೆದುಮಣ್ಣನ್ನು ಕೊರೆದು ಆಳವಾದ ಕೊರಕಲುಗಳನ್ನು ಮಾಡುತ್ತದೆ. ಇಳಿಜಾರಿನಲ್ಲಿ ನೆಲ ಜಾರುವುದರಿಂದ ಹಿಂದಿನವರು ಮನೆಗಳನ್ನೂ ರಸ್ತೆಗಳನ್ನೂ ಬಹುಮಟ್ಟಿಗೆ ದಿಣ್ಣೆಗಳ ನೆತ್ತಿಯ ಮೇಲೆಯೇ ಕಟ್ಟಿದರು. ಹೀಗಾಗಿ ಇಲ್ಲಿ ಸೈಕಲ್ ತುಳಿಯುವವನಿಗೆ ಎರಡೂ ಕಡೆ ವಿಶಾಲವಾದ ನೋಟ ದೊರೆಯುತ್ತದೆ. ಅದರೊಡನೆ ಬಿಸಿಲಿಗೂ ಗಾಳಿಗೂ ಮೈಯೊಡ್ಡಬೇಕಾಗುತ್ತದೆ.

ಇಲ್ಲಿನ ಹವೆಯು ನಮ್ಮದಕ್ಕೆ ವಿರುದ್ಧ ಕ್ರಮದ್ದು. ನಮ್ಮಲ್ಲಿ ಬೇಸಿಗೆಯ ಬೆನ್ನಿಗೇ ಮುಂಗಾರು ಬರುತ್ತದೆ. ಮೆಡಿಟರೇನಿಯನ್ ಸೀಮೆಯಲ್ಲಾದರೋ ಜೂನ್‌ನಿಂದ ಆಗಸ್ಟ್‌ವರೆಗೆ ಒಣಬೇಸಿಗೆ. ಮಳೆಯು ಹೆಚ್ಚಾಗಿ ಶರತ್ಕಾಲದಿಂದ ಮುಂದಿನ ವಸಂತದವರೆಗಿನ ತಂಪು ತಿಂಗಳುಗಳಲ್ಲಿ ಬೀಳುತ್ತದೆ. ಆಲಿವ್, ದ್ರಾಕ್ಷಿ, ಸೈಪ್ರೆಸ್ ಇವು ಮೂರೂ ಈ ಒಣಬೇಸಿಗೆಯನ್ನು ತಾಳಿಕೊಳ್ಳಬಲ್ಲ ಸಸ್ಯಗಳು. ಏಪ್ರಿಲ್, ಮೇ ಹಾಗೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಸವಾರಿಗೆ ಪ್ರಶಸ್ತವಾದವು.

ಬಿಳಿಹಾದಿ ಎಂದರೇನು?

ಈ ರಸ್ತೆಗಳಿಗೆ ಇಟಾಲಿಯನ್ ಭಾಷೆಯಲ್ಲಿ ‘ಸ್ತ್ರಾದೆ ಬಿಯಾಂಕೆ’, ಅಂದರೆ ಬಿಳಿಯ ರಸ್ತೆಗಳು, ಎಂದೇ ಹೆಸರು. ನೆಲವನ್ನು ಸಮಮಾಡಿ, ಸುಣ್ಣಕಲ್ಲಿನ ಜಲ್ಲಿ ಮತ್ತು ಪುಡಿಯನ್ನು ಹರಡಿ, ಗಟ್ಟಿಯಾಗಿ ಅದುಮಿದರೆ ಇಂಥ ರಸ್ತೆ ಸಿದ್ಧವಾಗುತ್ತದೆ. ಕಲ್ಲಿನ ಬಣ್ಣವೇ ರಸ್ತೆಯ ಬಣ್ಣ. ಒಣಗಿದಾಗ ಹಿಟ್ಟಿನಂಥ ಧೂಳು. ನೆನೆದಾಗ ಚೈನಿಗೂ ಬ್ರೇಕಿಗೂ ಮೆತ್ತಿಕೊಳ್ಳುವ ಅಂಟುಕೆಸರು.

ಇಂತಹ ರಸ್ತೆಯನ್ನು ಒಮ್ಮೆ ಮಾಡಿ ಮರೆಯುವಂತಿಲ್ಲ. ನಡುವೆ ತುಸು ಉಬ್ಬಿರಬೇಕು; ನೀರು ಎರಡು ಪಕ್ಕದ ಚರಂಡಿಗೆ ಇಳಿಯಬೇಕು; ಮೋರಿಗಳು ಕಟ್ಟಿಕೊಳ್ಳಬಾರದು. ಒಂದು ಮಳೆಗಾಲ ಅಲಕ್ಷಿಸಿದರೆ ಸಾಕು, ನೀರು ರಸ್ತೆಯ ಮಧ್ಯದಲ್ಲಿಯೇ ದಾರಿ ಮಾಡಿಕೊಂಡು ಜಲ್ಲಿಯನ್ನು ಕಣಿವೆಗೆ ಒಯ್ಯುತ್ತದೆ. ಆದ್ದರಿಂದ ಬಿಳಿಹಾದಿಯೊಂದು ಇಂದು ಸುಸ್ಥಿತಿಯಲ್ಲಿದೆಯೆಂದರೆ ಯಾರೋ ಅದನ್ನು ವರುಷವರುಷವೂ ನೋಡಿಕೊಳ್ಳುತ್ತಿದ್ದಾರೆಂದೇ ಅರ್ಥ.

ಈ ಹಾದಿಗಳು ಉಳಿದ ಬಗೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಟಸ್ಕನಿಯ ಬೇಸಾಯವು ‘ಮೆತ್ಸಾದ್ರಿಯಾ’ ಎಂಬ ಪದ್ಧತಿಯಲ್ಲಿ ನಡೆಯುತ್ತಿತ್ತು. ಇದು ಬೆಳೆಯನ್ನು ಒಡೆಯನೂ ಒಕ್ಕಲೂ ಅರ್ಧರ್ಧ ಹಂಚಿಕೊಳ್ಳುವ ಪಾಲುಬೇಸಾಯ. ಒಕ್ಕಲುಮನೆಗಳು ಒಂದು ಊರಿನಲ್ಲಿ ಗುಂಪಾಗಿರದೆ, ಆಯಾ ಹೊಲದ ನಡುವೆಯೇ ಬಿಡಿಬಿಡಿಯಾಗಿದ್ದವು. ಒಂದೊಂದು ಮನೆಗೂ ಎತ್ತಿನ ಗಾಡಿ ಹೋಗುವಷ್ಟು ಹಾದಿ ಬೇಕಾಗಿತ್ತು. ಗುಡ್ಡಗಳ ಮೇಲಣ ಬಿಳಿಹಾದಿಗಳ ದಟ್ಟವಾದ ಜಾಲಕ್ಕೆ ಇದೇ ಮುಖ್ಯ ಕಾರಣ.

ಎರಡನೆಯ ಮಹಾಯುದ್ಧದ ತರುವಾಯ ಒಕ್ಕಲು ಮಕ್ಕಳು ನಗರದ ಕಾರ್ಖಾನೆಗಳ ಕಡೆಗೆ ತೆರಳಿದರು. 1964ರ ಕಾನೂನು ಹೊಸ ಪಾಲುಕರಾರುಗಳನ್ನು ನಿಷೇಧಿಸಿತು. ಸಾವಿರಾರು ತೋಟದಮನೆಗಳು ಬರಿದಾದವು. ಮುಖ್ಯರಸ್ತೆಗಳಿಗೆ ಡಾಮರು ಬಂದಿತು. ಜನವಿಲ್ಲದ ಗುಡ್ಡದ ಹಾದಿಗೆ ಹಣ ಸುರಿಯುವ ಕಾರಣ ಯಾರಿಗೂ ಕಾಣಲಿಲ್ಲ. ಹೀಗೆ ಈ ಹಾದಿಗಳು ಮೊದಲು ಉಳಿದದ್ದು ಯಾರದೋ ಅಭಿಮಾನದಿಂದಲ್ಲ, ಬಡತನದಿಂದ ಮತ್ತು ವಲಸೆಯಿಂದ ಎಂಬುದನ್ನು ಮರೆಯಲಾಗದು.

ಆಮೇಲೆ ಸೀಮೆಯು ಚೇತರಿಸಿಕೊಂಡಿತು. ದ್ರಾಕ್ಷಾಮದ್ಯಕ್ಕೆ ಬೆಲೆ ಬಂದಿತು. ಹಾಳುಬಿದ್ದ ತೋಟದಮನೆಗಳು ಪ್ರವಾಸಿಗಳ ವಸತಿಗಳಾದವು. ಆಗಲೇ ಬಿಳಿಹಾದಿಗೆ ನಿಜವಾದ ಗಂಡಾಂತರ ಒದಗಿತು. ಹಣ ಬಂದಲ್ಲಿ ಡಾಮರೂ ಬರುತ್ತದೆ. ಇದರಲ್ಲಿ ಯಾರನ್ನೂ ದೂಷಿಸುವಂತಿಲ್ಲ. ಮನೆಯ ಮುಂದೆ ಲಾರಿ ಹೋದಾಗಲೆಲ್ಲ ಧೂಳು ಕುಡಿಯುವ ಗೃಹಿಣಿಗೆ, ಮಳೆಯಲ್ಲಿ ರೋಗಿಯನ್ನು ಸಾಗಿಸಬೇಕಾದವನಿಗೆ ಬಿಳಿಹಾದಿಯ ಚೆಲುವು ಒಂದು ಸಮಾಧಾನವಾಗಲಾರದು.

ಈ ಸಂದರ್ಭದಲ್ಲಿ, 1997ರಲ್ಲಿ, ಕಿಯಾಂತಿ ಸೀಮೆಯ ಗಾಯೋಲೆ ಎಂಬ ಸಣ್ಣ ಊರಿನವರಾದ ಜಾಂಕಾರ್ಲೊ ಬ್ರೋಚಿಯವರು ಒಂದು ಉಪಾಯ ಹೂಡಿದರು. ಮನವಿಪತ್ರ ಬರೆದು ಸುಮ್ಮನಾಗದೆ, ಆ ಹಾದಿಗಳ ಮೇಲೆ ಹಳೆಯ ಕಾಲದ ಸೈಕಲ್ಲುಗಳ ಸವಾರಿಯೊಂದನ್ನು ಏರ್ಪಡಿಸಿದರು. ಅದರ ಹೆಸರು ‘ಲೆರೋಯಿಕಾ’. ವೀರೋಚಿತವಾದದ್ದು ಎಂದು ಅರ್ಥ. ಮೊದಲ ವರ್ಷ ಬಂದವರು 92 ಮಂದಿ. ಮುಂದೆ ಆ ಸಂಖ್ಯೆ ಸಾವಿರಗಳಿಗೇರಿತು. ಇದು ಸ್ಪರ್ಧೆಯಲ್ಲ. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲು, ಚೌಕಟ್ಟಿನ ಕೆಳಕೊಳವೆಯ ಮೇಲೆ ಗಿಯರಿನ ಸನ್ನೆ, ಹ್ಯಾಂಡಲ್ಲಿನ ಹೊರಗೆ ಕಾಣುವ ಬ್ರೇಕಿನ ತಂತಿ, ಪಟ್ಟಿ ಕಟ್ಟಿದ ಪೆಡಲು, ಇವು ಇಲ್ಲಿನ ನಿಯಮಗಳು. ಉಣ್ಣೆಯ ಅಂಗಿ ತೊಟ್ಟು ಬರುವವರೇ ಹೆಚ್ಚು. ದಾರಿಯಲ್ಲಿ ಅವರಿಗೆ ಹಳಸಲು ಬ್ರೆಡ್ಡು, ಅವರೆಯ ಜಾತಿಯ ಕಾಳು, ಸೊಪ್ಪು ಸೇರಿಸಿ ಬೇಯಿಸಿದ ‘ರಿಬೊಲ್ಲೀತಾ’ ಎಂಬ ಹಳ್ಳಿಯ ಸಾರು ಸಿಗುತ್ತದೆ.

ಇಲ್ಲಿ ನೆನೆಯುವುದು ಡಾಮರಿಗೆ ಮುಂಚಿನ ಯುಗದ ಸವಾರರನ್ನು. ಫ್ಲಾರೆನ್ಸಿನ ಸಮೀಪದ ಪೊಂತೆ ಆ ಎಮಾ ಎಂಬ ಊರಿನ ಜೀನೊ ಬಾರ್ತಲಿ ಅವರಲ್ಲಿ ಪ್ರಮುಖರು. ಅವರು ಫ್ರಾನ್ಸಿನ ಮಹಾಸ್ಪರ್ಧೆಯಾದ ತೂರ್ ದ ಫ್ರಾನ್ಸನ್ನು 1938ರಲ್ಲಿ ಗೆದ್ದು, ಯುದ್ಧವು ನುಂಗಿದ ವರ್ಷಗಳ ಬಳಿಕ 1948ರಲ್ಲಿ ಮತ್ತೊಮ್ಮೆ ಗೆದ್ದರು. ಪರ್ವತದ ರಸ್ತೆಗಳು ಹಲವೆಡೆ ಮಣ್ಣುಜಲ್ಲಿಯವೇ ಆಗಿದ್ದ ಕಾಲವದು.

ದಾರಿಯ ವರ್ಣನೆ

ಲೆರೋಯಿಕಾದ ಉದ್ದನೆಯ ಸುತ್ತು 209 ಕಿ.ಮೀ. ಇದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬಿಳಿಹಾದಿ. ಈಗ ದಾರಿಯುದ್ದಕ್ಕೂ ಕಾಯಂ ಸೂಚನಾಫಲಕಗಳಿರುವುದರಿಂದ ವರ್ಷದ ಯಾವ ಕಾಲದಲ್ಲಿಯೂ, ಯಾವ ಬಗೆಯ ಸೈಕಲ್ಲಿನಲ್ಲಿಯೂ ಇದನ್ನು ಸುತ್ತಬಹುದು. ಹೆಚ್ಚಿನ ಪ್ರವಾಸಿಗರು ಮೂರು, ನಾಲ್ಕು ದಿನಗಳಿಗೆ ಹಂಚಿಕೊಳ್ಳುತ್ತಾರೆ.

ಗಾಯೋಲೆಯಿಂದ ಹೊರಟರೆ ಮೊದಲು ಸಿಗುವುದು ಬ್ರೋಲಿಯೊ ಕೋಟೆಯ ಏರು. ಸೈಪ್ರೆಸ್ ಮರಗಳ ಸಾಲಿನ ನಡುವೆ ಬಿಳಿಹಾದಿ ಕೋಟೆಗೆ ಹತ್ತುತ್ತದೆ. 1861ರಲ್ಲಿ ಏಕೀಕೃತ ಇಟಲಿಯ ಎರಡನೆಯ ಪ್ರಧಾನಮಂತ್ರಿಯಾದ ಬೆತ್ತೀನೊ ರಿಕಾಸೋಲಿ ಈ ಕೋಟೆಯ ಒಡೆಯರು; ಕಿಯಾಂತಿ ದ್ರಾಕ್ಷಾಮದ್ಯಕ್ಕೆ ತಳಿಗಳ ಮಿಶ್ರಣವನ್ನು ನಿರ್ಣಯಿಸಿದವರೂ ಅವರೇ. ಅಲ್ಲಿಂದ ಇಳಿದು ಸಿಯೆನಾದ ಅಂಚನ್ನು ಮುಟ್ಟಿ, ರಾದಿ, ಮುರ್ಲೊ ಹಳ್ಳಿಗಳ ಮೂಲಕ ಮೊಂತಾಲ್ಚೀನೊ ಎಂಬ ಬೆಟ್ಟದೂರಿಗೆ ಹತ್ತಬೇಕು. ಸಮುದ್ರಮಟ್ಟದಿಂದ 560 ಮೀ.ಗೂ ಮಿಕ್ಕ ಎತ್ತರದ ಈ ಊರಿಗೆ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. 1555ರಲ್ಲಿ ಸಿಯೆನಾ ಗಣರಾಜ್ಯವು ಶತ್ರುವಶವಾದಾಗ, ಶರಣಾಗದ ಕೆಲವರು ಇಲ್ಲಿಗೆ ಬಂದು 1559ರವರೆಗೆ ಗಣರಾಜ್ಯದ ಹೆಸರನ್ನು ಉಳಿಸಿಕೊಂಡಿದ್ದರು.

ಮೊಂತಾಲ್ಚೀನೊದಿಂದ ಇಳಿದರೆ ತೊರ್ರೆನಿಯೇರಿ, ಮುಂದೆ ಬುವೊನ್‌ಕೊನ್ವೆಂತೊ. ಇವೆರಡೂ ಇಂಗ್ಲೆಂಡಿನ ಕ್ಯಾಂಟರ್‌ಬರಿಯಿಂದ ರೋಮಿಗೆ ಹೋಗುತ್ತಿದ್ದ ಮಧ್ಯಯುಗದ ಯಾತ್ರಾಮಾರ್ಗದ ಮೇಲಿನ ಊರುಗಳು. ಅನಂತರ ಜೇಡಿಮಣ್ಣಿನ ಕ್ರೇತೆ ಸೀಮೆ. ಆಶಿಯಾನೊ ದಾಟಿದ ಮೇಲೆ ಸಿಗುವ ಮೊಂತೆ ಸಾಂತೆ ಮಾರೀಯೆ ಎಂಬ ಬಿಳಿಹಾದಿಯೇ ಇಡೀ ಸುತ್ತಿನಲ್ಲಿ ಕಠಿಣವಾದದ್ದು: ಹನ್ನೊಂದು ಕಿ.ಮೀ.ಗೂ ಹೆಚ್ಚಿನ ದೂರ ಒಂದು ಏರು, ಒಂದು ಇಳಿವು, ಮತ್ತೆ ಏರು; ಮರದ ನೆರಳಿಲ್ಲ. ಕಸ್ತೆಲ್‌ನುವೊವೊ ಬೆರಾರ್ದೆಂಗಾ ಮುಟ್ಟಿದ ಮೇಲೆ ಮತ್ತೆ ಕಾಡು, ರಾದ್ದಾದ ಏರು, ಕೊನೆಗೆ ಗಾಯೋಲೆ.

ಏರಿನ ಲೆಕ್ಕ

ಗುಡ್ಡದ ರಸ್ತೆಯನ್ನು ಕಿ.ಮೀ.ಗಳಲ್ಲಿ ಮಾತ್ರ ಅಳೆಯುವವನು ಮೋಸಹೋಗುತ್ತಾನೆ. 100 ಮೀ. ಮುಂದೆ ಸಾಗುವಾಗ 12 ಮೀ. ಮೇಲೇರಿದರೆ ಅದು ಶೇ. 12ರ ಏರು. ಟಸ್ಕನಿಯಲ್ಲಿ ಯಾವ ಗುಡ್ಡವೂ ಹಿಮಾಲಯವಲ್ಲ. ಆದರೆ ಗುಡ್ಡಗಳಿಗೆ ಲೆಕ್ಕವಿಲ್ಲ. ಮೇಲಿನ ಸುತ್ತಿನಲ್ಲಿ ಹತ್ತುವ ಎತ್ತರವನ್ನೆಲ್ಲ ಕೂಡಿಸಿದರೆ 3,500 ಮೀ.ಗೂ ಹೆಚ್ಚಾಗುತ್ತದೆ.

ಸವಾರನೂ ಸೈಕಲ್ಲೂ ಸೇರಿ 80 ಕಿಲೊ ಎಂದಿಟ್ಟುಕೊಳ್ಳೋಣ. ಈ ಭಾರವನ್ನು 3,500 ಮೀ. ಎತ್ತಲು ಬೇಕಾದ ಕೆಲಸ 80 × 9.8 × 3,500 = 27,44,000 ಜೂಲ್; ಅಂದರೆ ಸುಮಾರು 656 ಕಿಲೊಕ್ಯಾಲರಿ. ನಮ್ಮ ದೇಹವು ಉಂಡದ್ದರಲ್ಲಿ ಕಾಲುಭಾಗದಷ್ಟನ್ನು ಮಾತ್ರ ಪೆಡಲಿಗೆ ಮುಟ್ಟಿಸಿ ಉಳಿದುದನ್ನು ಶಾಖವಾಗಿ ಕಳೆಯುತ್ತದೆ. ಆದುದರಿಂದ ಏರಿಗೊಂದಕ್ಕೇ ಸುಮಾರು 2,600 ಕಿಲೊಕ್ಯಾಲರಿ ಆಹಾರ ಬೇಕು. ಗಾಳಿಯ ಮತ್ತು ಜಲ್ಲಿಯ ತಡೆಗೆ ಬೇಕಾದದ್ದು ಬೇರೆ. ಹಳ್ಳಿಯ ಸಾರಿನ ಬೆಲೆ ಇದರಿಂದ ತಿಳಿಯುತ್ತದೆ.

ಗಿಯರಿನ ಮರ್ಮವೂ ಸರಳವಾದ ಭಾಗಾಕಾರವೇ. ಹಳೆಯ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 42, ಹಿಂದಿನದಕ್ಕೆ 24 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಗಾಲಿ 1.75 ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ 2.1 ಮೀ. ಆದರೆ ಒಂದು ತುಳಿತಕ್ಕೆ ಸುಮಾರು 3.7 ಮೀ. ಮುಂದೆ ಹೋಗಬೇಕು. ಇಂದಿನ ಸೈಕಲ್ಲಿನಲ್ಲಿ ಎರಡೂ ಕಡೆ 34 ಹಲ್ಲುಗಳಿದ್ದರೆ 2.1 ಮೀ. ಸಾಗಿದರೆ ಸಾಕು. ಕಡಿದಾದ ಏರಿನಲ್ಲಿ ಈ ವ್ಯತ್ಯಾಸವೇ ತುಳಿಯುವವನಿಗೂ ಇಳಿದು ನೂಕುವವನಿಗೂ ನಡುವಣ ವ್ಯತ್ಯಾಸ. ಜಲ್ಲಿಯ ಏರಿನಲ್ಲಿ ಇನ್ನೊಂದು ಎಚ್ಚರ ಬೇಕು: ಸೀಟು ಬಿಟ್ಟು ನಿಂತು ತುಳಿದರೆ ಹಿಂದಿನ ಗಾಲಿಯ ಮೇಲಿನ ಭಾರ ತಗ್ಗಿ ಅದು ಇದ್ದಲ್ಲೇ ತಿರುಗುತ್ತದೆ. ಕುಳಿತೇ ತುಳಿಯಬೇಕು. ಇಳಿಜಾರಿನಲ್ಲಿ ತಿರುವಿಗೆ ಮೊದಲೇ ಬ್ರೇಕು ಹಿಡಿಯಬೇಕು, ತಿರುವಿನಲ್ಲಲ್ಲ. ಟಯರು ತುಸು ಅಗಲವಾಗಿದ್ದು, ಗಾಳಿ ತುಸು ಕಡಿಮೆಯಿದ್ದರೆ ಹಿಡಿತ ಹೆಚ್ಚು.

ಸ್ಪರ್ಧೆಯ ರಂಗ

ಹವ್ಯಾಸಿಗಳ ಸವಾರಿಯ ಯಶಸ್ಸನ್ನು ಕಂಡು 2007ರಲ್ಲಿ ಇದೇ ಹಾದಿಗಳ ಮೇಲೆ ವೃತ್ತಿಪರರ ಸ್ಪರ್ಧೆಯೊಂದು ಆರಂಭವಾಯಿತು. ಅದು ಈಗ ‘ಸ್ತ್ರಾದೆ ಬಿಯಾಂಕೆ’ ಎಂದೇ ಪ್ರಸಿದ್ಧ. ಮೊದಲ ವರ್ಷ ಅಕ್ಟೋಬರ್‌ನಲ್ಲಿ, ಮರುವರ್ಷದಿಂದ ಸಾಮಾನ್ಯವಾಗಿ ಮಾರ್ಚ್ ಆರಂಭದಲ್ಲಿ ನಡೆಯಿತು. 2015ರಿಂದ ಮಹಿಳೆಯರ ಸ್ಪರ್ಧೆಯೂ ಸೇರಿತು. ಸಿಯೆನಾದ ಸಾಂತಾ ಕತೆರೀನಾ ಬೀದಿಯ ಶೇ. 16ರ ಹಾಸುಗಲ್ಲಿನ ಏರನ್ನು ಹತ್ತಿ, ಕುದುರೆ ಓಟಕ್ಕೆ ಹೆಸರಾದ ಕಾಂಪೊ ಚೌಕದಲ್ಲಿ ಸ್ಪರ್ಧೆ ಮುಗಿಯುತ್ತದೆ. ಸ್ವಿಟ್ಜರ್‌ಲೆಂಡಿನ ಫಾಬಿಯನ್ ಕಾಂಚೆಲಾರಾ 2008, 2012, 2016ರಲ್ಲಿ ಗೆದ್ದರು. ಮೊಂತೆ ಸಾಂತೆ ಮಾರೀಯೆ ಹಾದಿಗೆ ಅವರ ಹೆಸರನ್ನು ಇಡಲಾಗಿದೆ. 2010ರ ಇಟಲಿ ಪ್ರವಾಸ ಸ್ಪರ್ಧೆಯಲ್ಲಿ ಮೊಂತಾಲ್ಚೀನೊದ ಹಾದಿಯ ದಿನ ಮಳೆ ಸುರಿದು, ವಿಶ್ವವಿಜೇತರ ಬಣ್ಣದ ಅಂಗಿ ತೊಟ್ಟ ಆಸ್ಟ್ರೇಲಿಯದ ಕ್ಯಾಡೆಲ್ ಎವನ್ಸ್ ಅಡಿಯಿಂದ ಮುಡಿಯವರೆಗೆ ಕೆಸರಾಗಿ ಗುರಿಮುಟ್ಟಿ ಗೆದ್ದರು.

ಉಪಸಂಹಾರ

ಸ್ಪರ್ಧೆ ಒಂದು ದಿನದ್ದು. ಹಾದಿ ವರ್ಷವಿಡೀ ಇರತಕ್ಕದ್ದು. ಬಿಳಿಹಾದಿಗಳ ಇತಿಹಾಸದಿಂದ ತಿಳಿದುಬರುವ ಸಂಗತಿ ಇಷ್ಟೇ: ಅವುಗಳನ್ನು ಹೊಗಳಿದವರು ಬಹುಮಂದಿ, ಆದರೆ ಉಳಿಸಿದವರು ಅವುಗಳ ಮೇಲೆ ನಡೆದವರು. ಸವಾರರು ಬಂದುದರಿಂದ ಊಟದ ಮನೆಗೂ ವಸತಿಗೃಹಕ್ಕೂ ನಾಲ್ಕು ಕಾಸು ಸೇರಿತು. ಕಾಸು ಸೇರಿದುದರಿಂದ ಹಾದಿ ಊರವರಿಗೂ ತಮ್ಮದೆನಿಸಿತು. ಚರಂಡಿ ತೋಡುವುದಕ್ಕೂ ಜಲ್ಲಿ ಹರಡುವುದಕ್ಕೂ ಒಂದು ಕಾರಣ ದೊರೆಯಿತು.

ಗಡಿನಾಡಿನ ಕನ್ನಡ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇಟಲಿಯ ರಸ್ತೆಗೇನು ಕೆಲಸವೆಂದು ವಾಚಕರು ಕೇಳಬಹುದು. ಮಣ್ಣುದಾರಿಯಲ್ಲಿ ಸೈಕಲ್ ತುಳಿದು ಈ ಶಾಲೆಗೆ ಬಂದು ಅಕ್ಷರ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಮಕ್ಕಳಿಗೆ ಇಂದು ಬೇರೆ ದಾರಿಗಳೂ ಇವೆ, ಅವು ನುಣುಪಾಗಿಯೂ ಇವೆ. ಅವನ್ನು ಆರಿಸಿಕೊಂಡವರನ್ನು ದೂರುವಂತಿಲ್ಲ. ಆದರೆ ಹಳೆಯ ಹಾದಿ ಉಳಿಯಬೇಕೆಂಬ ಆಸೆಯುಳ್ಳವರು ಅದರ ಮೇಲೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ನಡೆಯಬೇಕು. ಮೋರಿ ಕಟ್ಟಿಕೊಂಡಿದ್ದರೆ ಬಿಡಿಸಬೇಕು. ಗಾಯೋಲೆಯಲ್ಲಿ ಮೊದಲ ವರ್ಷ ಸೇರಿದವರು ಬರಿಯ 92 ಮಂದಿ ಎಂಬುದು ಈ ಸಂದರ್ಭದಲ್ಲಿ ನೆನಪಿಡತಕ್ಕ ಅಂಕಿ.